ಹೇಮಾಳ ತಲೆಯಲ್ಲಿ ಕೊಳಕಿರಲಿಲ್ಲ

ಅಂಗಡಿಯ ಮೂಲೆಯಲ್ಲಿ ಮಾರಾಟವಾಗದೆ ಉಳಿದಿದ್ದ ಹೇರ್ ವ್ಯಾಕ್ಸ್ ಡಬ್ಬಿಗಳು, ಒಂದಿಷ್ಟು ಹರಳೆಣ್ಣೆ, ಚಿಟಿಕೆ ಪಚ್ಚಕರ್ಪೂರ — ನನಗೆ ಬಿದ್ದ ಖರ್ಚು ಇಷ್ಟೇ. ನನ್ನ ತಂಗಿಯ ಮಗಳು ಹೇಮಾಳಿಗೆ ಬಿದ್ದದ್ದು ಬೇರೆ. ವರ್ಷಗಟ್ಟಲೆ ಕಾದು ಬೆಳೆಸಿದ ಜಟೆ ಹೋಯಿತು, ಕೈಯಲ್ಲಿದ್ದ ಕೆಲಸ ಹೋಯಿತು, ತನ್ನ ಮೈ ಶುದ್ಧವಾಗಿದೆ ಅನ್ನುವ ನಂಬಿಕೆ — ಅದೂ ಹೋಯಿತು. ಯಾಕೆ ಮಾಡಿದೆ? ಕ್ಯಾಸಂಬಳ್ಳಿಯ ಒಂದು ಮನೆಗೆ ನಾನು ಕೊಟ್ಟಿದ್ದ ಮಾತು ಬೀಳಬಾರದು ಅಂತ. ಅವಳ ತಲೆ ಹಾಳು ಮಾಡಿದವಳು ನಾನು. ತಿಳಿಯದೆ ಅಲ್ಲ, ತಿಳಿದೇ ಮಾಡಿದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಫ್ಯಾನ್ಸಿ ಸ್ಟೋರ್ ಇದೆ. ಅದಕ್ಕೆ ಮುಂಚೆ ಮಾರಿಕುಪ್ಪಂ ರೈಲಿನಲ್ಲಿ ಬಾಚಣಿಗೆ, ಪಿನ್ನು, ರಿಬ್ಬನ್ನು ಮಾರಿ ಬದುಕಿದವಳು. ಗಂಡ ಬೇಗ ಹೋದ. ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಮಾತು ಹೂಡಿ, ಮೂಗು ಮುರಿದವರ ಕೈಗೂ ಸಾಮಾನು ದಾಟಿಸಿದವಳು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ ಎಂಬ ಕೊಬ್ಬು ಇತ್ತು. ಆ ಕೊಬ್ಬನ್ನು ನಾನು ಜಾಣತನ ಎಂದು ಕರೆದುಕೊಂಡಿದ್ದೆ.

ಹೇಮಾಳದು ಹುಟ್ಟಿನಿಂದಲೇ ಗುಂಗುರು ಕೂದಲು. ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯ ಹೊಸಿಲ ಮೇಲೆ ಕೂರಿಸಿಕೊಂಡು ನನ್ನ ತಂಗಿ ರತ್ನ ಬಾಚುತ್ತಿದ್ದರೆ ಮಗುವಿನ ಕೂಗು ಬೀದಿಯ ಆ ಕೊನೆಗೆ ಕೇಳಿಸುತ್ತಿತ್ತು. ನನ್ನ ಅಂಗಡಿಯ ಬಾಚಣಿಗೆಗಳ ಹಲ್ಲು ಆ ತಲೆಯಲ್ಲಿ ಮುರಿದದ್ದು ಎಷ್ಟೋ. ದೊಡ್ಡವಳಾಗಿ, ಒಂದು ಪುಟ್ಟ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿದ ಮೇಲೆ, ಅವಳು ಬಾಚುವುದನ್ನೇ ಬಿಟ್ಟಳು. ಕೂದಲನ್ನು ಎಳೆ ಎಳೆಯಾಗಿ ವಿಂಗಡಿಸಿ, ತಾನಾಗಿ ಗಂಟುಬೀಳಲು ಬಿಟ್ಟಳು. ಹುಡುಗರು ಅದಕ್ಕೆ ಡ್ರೆಡ್‌ಲಾಕ್ಸ್ ಅನ್ನುತ್ತಾರೆ, ನಾವು ಜಟೆ ಅನ್ನುತ್ತೇವೆ. ನಮ್ಮ ಕಡೆ ಹೆಂಗಸಿನ ತಲೆ ಜಡೆಗಟ್ಟಿದರೆ ದೇವರು ಬಂದಿದೆ ಅಂತ ಲೆಕ್ಕ. ನೆರೆಯವರು ಅರಿಶಿನ ಕುಂಕುಮ ಹಿಡಿದು ಬಂದೇಬಿಟ್ಟರು. ನೀರು ಸೋಕಿಸಬೇಡ, ಹರಳೆಣ್ಣೆ ಮೆತ್ತು, ಗಂಗಮ್ಮ ಮುನಿಸಿಕೊಳ್ಳುತ್ತಾಳೆ ಎಂದು ಒಬ್ಬೊಬ್ಬರದು ಒಂದೊಂದು ಉಪದೇಶ.

ಹೇಮಾ ನಕ್ಕುಬಿಟ್ಟಳು. "ಯಾವ ದೇವ್ರೂ ಬಂದಿಲ್ಲ ಕಣಮ್ಮೋ. ಭಾನುವಾರಕ್ಕೊಂದಪ ಕುಂಕುಡುಕಾಯಿ ಬತ್ತದೆ, ಅಷ್ಟೇ."

ನಿಜ, ಅವಳಷ್ಟು ಶಿಸ್ತಾಗಿ ತಲೆ ತೊಳೆಯುವವರನ್ನು ನಾನು ಕಂಡಿಲ್ಲ. ಶನಿವಾರ ಸಂಜೆ ಅಂಟುವಾಳಕಾಯಿ ನೆನೆಹಾಕುತ್ತಿದ್ದಳು — ಅದನ್ನೇ ನಾವು ಕುಂಕುಡುಕಾಯಿ ಅನ್ನುವುದು. ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಮಾತ್ರ ಬುಡಕ್ಕೆ ಹಾಕಿ ಬೆರಳ ತುದಿಯಲ್ಲಿ ಉಜ್ಜುತ್ತಿದ್ದಳು. ನಮ್ಮ ಬೋರ್ ನೀರಿನ ಗಡಸಿಗೆ ಜಟೆಯ ಮೇಲೆ ಬಿಳಿ ಕೂರುತ್ತದೆಂದು ಕೊನೆಯ ಚೊಂಬಿಗೆ ನಿಂಬೆರಸ ಹಿಂಡಿಕೊಳ್ಳುತ್ತಿದ್ದಳು. ಆಮೇಲೆ ಹಳೆಯ ಹತ್ತಿ ಸೀರೆಯಲ್ಲಿ ಒಂದೊಂದೇ ಜಟೆಯನ್ನು ಹಿಂಡಿ, ಒಳಗಿನ ತೇವ ಪೂರ್ತಿ ಆರುವ ತನಕ ಬಿಸಿಲಲ್ಲಿ ಕೂರುತ್ತಿದ್ದಳು. ಎಣ್ಣೆ ಎಂದರೆ ಬೆರಳಿಗೆ ಅಂಟಿದ ಎರಡು ಹನಿ, ಅದೂ ನೆತ್ತಿಗೆ ಮಾತ್ರ. ಚಿನ್ನದ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸುವ ತಿಂಗಳುಗಳಲ್ಲಿ ಆ ಬೂದು ಧೂಳು ಪಾತ್ರೆ ಪಗಡಗಳ ಮೇಲೂ ಕೂರುತ್ತದೆ. ಆಗ ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಅವಳು ಹೊರಗೆ ಕಾಲಿಡುತ್ತಿರಲಿಲ್ಲ. ಆ ಜಟೆಗೆ ಮುಖವಿಟ್ಟರೆ ಬಿಸಿಲಿನ ವಾಸನೆ ಬಿಟ್ಟರೆ ಇನ್ನೇನೂ — ನಾನು ಮುಖವಿಟ್ಟು ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ.

ಆ ಹೊತ್ತಿಗೆ ನಾನು ಕ್ಯಾಸಂಬಳ್ಳಿಯ ಒಂದು ಸಂಬಂಧ ತಂದೆ. ಹಾಲು ಕರೆಯುವ ಹಸುಗಳಿದ್ದ ಮನೆ, ಒಬ್ಬನೇ ಮಗ. ಹುಡುಗನ ತಾಯಿ ನನ್ನ ಅಂಗಡಿಯಲ್ಲೇ ಬಳೆ ತೊಡಿಸಿಕೊಳ್ಳುತ್ತಾ, ಹುಡುಗಿ ಲಕ್ಷಣವಾಗಿದ್ದಾಳೆ, ತಲೆಯೊಂದು ಸರಿಮಾಡಿಸಿಬಿಡಿ ಅಂದಳು. ಅದೇನು ದೊಡ್ಡ ಮಾತು, ಮಾಡಿಸುತ್ತೇನೆ ಅಂದೆ. ಯಾರ ತಲೆ, ಯಾರು ಮಾತು ಕೊಟ್ಟದ್ದು! ವ್ಯಾಪಾರ ಕುದುರಿಸಿದ ಗತ್ತಿನಲ್ಲೇ ರೈಲು ಹತ್ತಿ ಉರಿಗಾಂಗೆ ಹೋದೆ.

ಹೇಮಾ ಪೂರ್ತಿ ಕೇಳಿಸಿಕೊಂಡಳು. ಹುಡುಗನನ್ನು ನೋಡಲು ಅವಳ ತಕರಾರಿರಲಿಲ್ಲ. ಜಟೆ ತೆಗೆಯುವ ಮಾತು ಬಂದಾಗ ಮಾತ್ರ, ನಗುನಗುತ್ತಲೇ ಅಂದಳು: "ಬಾಚಣಿಗೆ ನಿಂದು ದೊಡ್ಡಮ್ಮ, ತಲೆ ನಂದು."

ರತ್ನ ಕಿಸಕ್ಕನೆ ನಕ್ಕಳು. ನನಗೆ ಉರಿದುಹೋಯಿತು. ಬೈದಿದ್ದರೆ, ಜಗಳ ಮಾಡಿ ಮಾತು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ನಕ್ಕೆ, ಕಾಫಿ ಕುಡಿದೆ. ವಾಪಸು ಬರುವ ರೈಲಿನಲ್ಲಿ ಕೂತು ದಾರಿ ಹುಡುಕಿದೆ — ಗಿರಾಕಿಯನ್ನು ಬಗ್ಗಿಸಲು ಹುಡುಕುತ್ತೇವಲ್ಲ, ಹಾಗೆ.

ದಾರಿ ನನ್ನ ಅಂಗಡಿಯಲ್ಲೇ ಇತ್ತು. ಹಿಂದೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಪೆಟ್ಟಿಗೆ ಹೇರ್ ವ್ಯಾಕ್ಸ್ ತಂದಿದ್ದೆ. ಕೊಂಡುಕೊಂಡ ಚಾಂಪಿಯನ್ ರೀಫ್ಸ್ ಕಾಲೊನಿಯ ಹುಡುಗರು ವಾರದೊಳಗೆ ವಾಪಸು ಬಂದು ಜಗಳ ತೆಗೆದಿದ್ದರು. ಎಷ್ಟು ಶಾಂಪೂ ಹಾಕಿದರೂ ಹೋಗದು, ಧೂಳೆಲ್ಲ ಅಂಟುತ್ತದೆ ಎಂದು. ಬಾಚುವ ಕೂದಲಿನಿಂದಲೇ ಹೋಗದ ಮೇಣ ಗಂಟುಕಟ್ಟಿದ ಜಟೆಯ ಹೊಟ್ಟೆಯೊಳಗೆ ಸೇರಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹರಳೆಣ್ಣೆಯಲ್ಲಿ ಅದನ್ನು ಕರಗಿಸಿದೆ. ಪರಿಮಳಕ್ಕೆ ಪಚ್ಚಕರ್ಪೂರ ಬೆರೆಸಿದೆ. ಸ್ಟೀಲ್ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಹೇಮಾಳ ಕೈಗಿಟ್ಟು, ನಾಟಿ ವೈದ್ಯರ ಹತ್ತಿರ ಮಾಡಿಸಿದ್ದು, ನೆತ್ತಿ ತಂಪಾಗುತ್ತದೆ, ಬುಡದಿಂದ ತುದಿಯವರೆಗೆ ತಿಕ್ಕು ಅಂದೆ. ನಿನ್ನ ಜಟೆಯ ವಿಷಯಕ್ಕೆ ಇನ್ನು ಬರುವುದಿಲ್ಲ ಕಣೇ, ನಮ್ಮಿಬ್ಬರಿಗೂ ರಾಜಿ ಆಯ್ತು — ಅಂತ ಕೂಡ ಅಂದೆ.

ಅವಳು ಖುಷಿಯಾಗಿ ನನ್ನನ್ನು ತಬ್ಬಿಕೊಂಡಳು.

ಮುಂದೆ ಆದದ್ದನ್ನು ಬರೆಯಲು ನನ್ನ ಮೇಲೇ ಕೋಪ ಉಕ್ಕುತ್ತದೆ. ಮೇಣ ಒಳಗಿಳಿಯಿತು. ಗಾಳಿ ಕಾಲ ಬಂತು, ಧೂಳು ಮೇಣಕ್ಕೆ ಹಿಡಿಯಿತು. ಹೊರಗಿನಿಂದ ಒಣಗಿದಂತೆ ಕಂಡರೂ ಒಳಗಿನ ತೇವ ಆರುತ್ತಿರಲಿಲ್ಲ. ನೆತ್ತಿಯಲ್ಲಿ ಹೊಟ್ಟು, ಕಡಿತ, ಆಮೇಲೆ ವಾಸನೆ, ಮುಗ್ಗಿದ ಬಟ್ಟೆಯ ವಾಸನೆ. ಅವಳು ವಾರಕ್ಕೊಮ್ಮೆ ತೊಳೆಯುತ್ತಿದ್ದದ್ದನ್ನು ದಿನ ಬಿಟ್ಟು ದಿನ ಮಾಡಿದಳು. ತೊಳೆದಷ್ಟೂ ನೆನೆಯಿತು, ನೆನೆದಷ್ಟೂ ಕೊಳೆಯಿತು. ತಂಪಾಗಲಿ ಎಂದು ನನ್ನ ಡಬ್ಬಿಯಿಂದಲೇ ಇನ್ನಷ್ಟು ತಿಕ್ಕಿದಳು. ಮುಗಿದಾಗ ಮತ್ತೆ ಕೇಳಿದಳು. ನಾನು ಮತ್ತೆ — ಹೌದು, ಮತ್ತೆ ಮಾಡಿಕೊಟ್ಟೆ. ಒಂದು ಸಲ ಕೈ ತಪ್ಪಿತು ಅನ್ನಲೂ ನನಗೆ ಬಾಯಿಲ್ಲ.

ಶಾಲೆಯಲ್ಲಿ ಯಾರದೋ ತಾಯಿ ದೂರು ಕೊಟ್ಟಳಂತೆ, ಟೀಚರ್ ಹತ್ತಿರ ಹೋದರೆ ನಾರುತ್ತದೆ ಎಂದು ಮಗು ಮನೆಯಲ್ಲಿ ಹೇಳಿತೆಂದು. ಮರುವಾರ ಕೆಲಸಕ್ಕೆ ಬರಬೇಡ ಅಂದರು. ಬೀದಿಯಲ್ಲಿ ಅರಿಶಿನ ಕುಂಕುಮ ತಂದಿದ್ದ ಹೆಂಗಸರೇ ಮೂಗಿಗೆ ಸೆರಗು ಹಿಡಿದರು. ಹೆತ್ತ ರತ್ನಳೇ ಮಗಳ ದಿಂಬನ್ನು ಬೇರೆ ಎತ್ತಿಟ್ಟಳು. ಒಬ್ಬರಾದರೂ, ಈ ಹುಡುಗಿ ಇಷ್ಟು ತೊಳೆಯುತ್ತಾಳಲ್ಲ, ಆದರೂ ಯಾಕೆ ಹೀಗೆ ಎಂದು ಕೇಳಲಿಲ್ಲ. ಹೆಣ್ಣಿನ ಮೈ ಕೊಳಕು ಅಂದರೆ ನಂಬಲು ಊರಿಗೆ ಸಾಕ್ಷಿಯೇ ಬೇಕಾಗಿಲ್ಲ.

ಒಂದು ಮಧ್ಯಾಹ್ನ ಹೇಮಾ ಅಂಗಡಿಗೆ ಬಂದು ಕೌಂಟರ್ ಹಿಂದೆ ನೆಲದ ಮೇಲೆ ಕೂತಳು. ಕೆರೆದು ಕೆರೆದು ಕಿವಿಯ ಹಿಂದೆ ರಕ್ತ ಬಂದಿತ್ತು.

"ಎಷ್ಟು ತೊಳುದ್ರೂ ಓಗಲ್ಲ ದೊಡ್ಡಮ್ಮ. ನನ್ನ ಮೈಯೇ ಇಂಗೇನಾ?"

ಅಲ್ಲಿ ನಿಲ್ಲಿಸಬಹುದಿತ್ತು. ಆ ಡಬ್ಬಿ ಎಸೆದುಬಿಡು ಅಂದಿದ್ದರೂ ಸಾಕಿತ್ತು, ಕಾರಣ ಹೇಳದಿದ್ದರೂ ನಡೆಯುತ್ತಿತ್ತು. ನಾನು ಅಂದದ್ದು ಇದು:

"ಕೆಲವ್ರ ಮೈ ಅಂಗೇ ಕಣಮ್ಮಿ. ಬೋಳಿಸ್ಬುಡು."

ಮೇಣ ಹಾಕಿದ್ದು ಒಂದು ತಪ್ಪು. ಈ ಮಾತು ಅದಕ್ಕಿಂತ ದೊಡ್ಡದು. ಮೇಣ ಕೂದಲ ಜೊತೆ ಹೋಯಿತು, ಮಾತು ಅವಳೊಳಗೇ ಉಳಿಯಿತು.

ಊರಿಗೆ ಹರಕೆ ಎಂದು ಹೇಳಿ ಮುಡಿ ಕೊಡಿಸಿದೆವು. ಬುಟ್ಟಿಗೆ ಬಿದ್ದ ಒಂದು ಜಟೆಯನ್ನು ಎತ್ತಿ ಮುರಿದು ನೋಡಿದೆ. ಒಳಗೆ ಬೂದು ಬಣ್ಣದ ಜೇಡಿಮಣ್ಣಿನಂಥ ಗಟ್ಟಿ, ಉಗುರಿನಿಂದ ಕೆರೆದರೆ ಮೇಣದಬತ್ತಿಯ ಹಾಗೆ ಸುರುಳಿ ಬಂತು. ಬೋಳು ತಲೆಯ ಹೇಮಾ ಕೈಚಾಚಿ, ತೋರಿಸು ಅಂದಳು. ನೋಡುವುದೇನಿದೆ, ಬರೀ ಕೊಳೆ ಎಂದು ಬುಟ್ಟಿಗೆ ಎಸೆದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಕ್ಯಾಸಂಬಳ್ಳಿಯವರು ಕೂದಲು ಬರುವವರೆಗೆ ಕಾಯುತ್ತೇವೆ ಅಂದರು. ಹೇಮಾಳೇ ಬೇಡವೆಂದಳು, ನನ್ನ ತಲೆ ನಾರುವುದು ಅವರಿಗೂ ಗೊತ್ತಾಗಬೇಕಾ ಎಂದು. ನಾನು ಉಳಿಸಲು ಹೊರಟಿದ್ದ ಮಾತು ಹೀಗೆ ಬಿತ್ತು. ಬಿದ್ದದ್ದೇ ಸರಿ.

ಆಮೇಲೆ ಅವಳು ಬಂಗಾರಪೇಟೆಯಲ್ಲಿ ಆಟೋ ಓಡಿಸುವ ಒಬ್ಬ ಒಳ್ಳೆಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಇವತ್ತಿಗೂ ಕೂದಲನ್ನು ಗಂಡಸರ ಹಾಗೆ ಗಿಡ್ಡವಾಗಿ ಕತ್ತರಿಸಿಕೊಳ್ಳುತ್ತಾಳೆ. ದಿನಕ್ಕೆರಡು ಸಲ ಸೋಪು ಹಾಕಿ ತಲೆ ತೊಳೆಯುತ್ತಾಳೆ. ಯಾರಾದರೂ ಪಕ್ಕದಲ್ಲಿ ಕೂತರೆ ಒಂದು ಮೊಳ ಸರಿದು ಕೂರುತ್ತಾಳೆ. ಇದನ್ನೆಲ್ಲ ನಾನು ನೋಡುತ್ತಲೇ ಇದ್ದೆ, ಒಂದು ಬೀದಿ ಆಚೆಯಿಂದ, ಇಷ್ಟು ವರ್ಷ. ನೋಡಿ ಸುಮ್ಮನಿದ್ದೆ. ಈಗ ಅವಳ ಮಗಳು ಪುಟ್ಟಿಗೆ ಅದೇ ಗುಂಗುರು. ಬೆರಳುದ್ದ ಬೆಳೆಯಿತೋ ಇಲ್ಲವೋ, ಬೋಳಿಸುತ್ತಾಳೆ.

ಕಳೆದ ತಿಂಗಳು ತಾಯಿ ಮಗಳು ಅಂಗಡಿಗೆ ಬಂದಿದ್ದರು. ಹೇಮಾ ಸೋಪು ಆರಿಸುತ್ತಿದ್ದಳು. ಪುಟ್ಟಿ ಸ್ಟೂಲು ಹತ್ತಿ ನಿಂತು ನನ್ನ ಮೂಗಿನ ಮುಂದೆ ತಲೆ ಬಗ್ಗಿಸಿತು.

"ಅಜ್ಜಿ, ವಾಸ್ನೆ ಬತ್ತದಾ ನೋಡು. ಬಂದ್ರೆ ಅಮ್ಮ ನಾಳೇನೇ ತೆಗುಸ್ತಾಳಂತೆ."

ಆಡಿ ಬಂದ ಮಗುವಿನ ಬೆವರು, ಅಷ್ಟೇ. ವಾಸನೆ ಇಲ್ಲ ಕಂದಾ ಅಂದೆ. ಹೇಮಾ ನಂಬಲಿಲ್ಲ. ಇವಳಿಗೂ ನನ್ನದೇ ಮೈ ಬಂದಿದೆ ಎಂದು, ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿ, ಸೋಪು ತೆಗೆದುಕೊಂಡು ಹೊರಟಳು.

ಅಂಗಡಿ ಮುಚ್ಚಿ ಅವಳ ಮನೆಗೆ ಹೋದೆ. ಹೊಸಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ — ವ್ಯಾಕ್ಸು, ಎಣ್ಣೆ, ಇಲ್ಲದ ನಾಟಿ ವೈದ್ಯ, ಎರಡನೆಯ ಡಬ್ಬಿ, ಮುರಿದ ಜಟೆ. ಅವಳು ತನ್ನ ತಲೆಯ ಮೇಲೆ ತಾನೇ ಕೈಯಾಡಿಸಿಕೊಂಡಳು.

"ನೀನು ಬರೀ ಕೂದ್ಲು ತೆಗುದಿದ್ರೆ ಇನ್ನೊಂದಪ ಬೆಳುಸ್ಕೊತಿದ್ದೆ," ಅಂದಳು. "ನನ್ನ ನನಗೇ ಅಸಯ್ಯ ಮಾಡ್ಬುಟ್ಟೆ."

ನಾನು ಕಾಲು ಹಿಡಿಯಲು ಬಗ್ಗಿದೆ. ಹಿಂದೆ ಸರಿದಳು.

"ನನ್ನೊಬ್ಬಳ ಕಿವೀಲಿ ಯೋಳ್ಬುಟ್ಟು ಓಗ್ಬೇಡ. ನಾರ್ತಾಳೆ ಅಂತ ಊರಿಗೆಲ್ಲ ಗೊತ್ತಾಯ್ತು. ಇದೂ ಗೊತ್ತಾಗ್ಲಿ."

ಮೊದಲು ಉರಿಗಾಂಗೆ ಹೋಗಿ ಆ ಬೀದಿಯಲ್ಲಿ ಮನೆ ಮನೆಗೂ ಹೇಳಿದೆ. ರತ್ನ, ನೀನು ಅವಳ ಒಳ್ಳೆಯದಕ್ಕೇ ಮಾಡಿದ್ದಲ್ಲವಾ ಅಕ್ಕ, ಬಿಟ್ಟುಬಿಡು ಅಂದಳು. ಒಳ್ಳೆಯದಕ್ಕೆ! ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗೆಲ್ಲುವುದಕ್ಕೆ ಮಾಡಿದೆ. ಉಳಿದವರಿಗೂ ಗೊತ್ತಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಓದುತ್ತಿರುವ ನೀವೂ ದಯವಿಟ್ಟು ನನ್ನ ಪರವಾಗಿ ಆ ಮಾತು ಆಡಬೇಡಿ. ಹೇಮಾ ಈಗ ನನ್ನ ಅಂಗಡಿಗೆ ಬರುವುದಿಲ್ಲ. ಬಾ ಎಂದು ನಾನು ಕರೆಯುವುದೂ ಇಲ್ಲ. ಪುಟ್ಟಿಯ ತಲೆಗೆ ಇನ್ನೂ ಕತ್ತರಿ ಬಿದ್ದಿಲ್ಲ ಎಂದು ಬೀದಿಯಲ್ಲಿ ಕಂಡವರು ಹೇಳಿದರು.

ಜಟೆ ಬೆಳೆಸುವವರಿಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಎಲ್ಲ ಹೇಮಾಳಿಂದ ಕಲಿತದ್ದು. ವಾರಕ್ಕೊಮ್ಮೆ ತೊಳೆಯಿರಿ, ಬೆವರುವ ಕೆಲಸವಿದ್ದರೆ ಎರಡು ಸಲ. ಸೀಗೆ, ಅಂಟುವಾಳ ಯಾವುದೇ ಇರಲಿ, ಸೋಸದೆ ಹಾಕಬೇಡಿ. ಪುಡಿ ಒಳಗೆ ಕೂತರೆ ಹೊರಗೆ ಬರುವುದಿಲ್ಲ. ನೊರೆ ಹೋಗಿ ನೀರು ತಿಳಿಯಾಗುವ ತನಕ ಹಿಂಡುತ್ತಿರಿ. ಬಿಸಿಲು ಸಿಗುವ ಹೊತ್ತಿಗೇ ತೊಳೆಯಿರಿ, ಒದ್ದೆ ಜಟೆ ಕಟ್ಟಿಕೊಂಡು ಮಲಗಬೇಡಿ. ಎಣ್ಣೆ ನೆತ್ತಿಗೆ ಎರಡು ಹನಿ ಸಾಕು. ಮೇಣ, ವ್ಯಾಸಲೀನ್, ಗಟ್ಟಿ ಕ್ರೀಮು ಹತ್ತಿರವೂ ತರಬೇಡಿ. ಗಾಯವಾದರೆ, ಕೀವು ಕಟ್ಟಿದರೆ, ಚರ್ಮದ ಡಾಕ್ಟರ ಹತ್ತಿರ ಹೋಗಿ, ನನ್ನಂಥವರ ಹತ್ತಿರ ಅಲ್ಲ. ಇಷ್ಟು ಮಾಡಿಯೂ ನಾರಿದರೆ ಬೋಳಿಸುವ ಮುಂಚೆ ಒಂದೇ ಒಂದು ಜಟೆಯ ತುದಿ ಕತ್ತರಿಸಿ, ಸೀಳಿ, ಬೆಳಕಿಗೆ ಹಿಡಿದು ನೀವೇ ನೋಡಿ. ಅದರಲ್ಲಿರುವುದು ನಿಮ್ಮ ಮೈಯಿಂದ ಬಂದದ್ದಲ್ಲ ಅನ್ನಿಸಿದರೆ, ಹಚ್ಚಲು ಕೊಟ್ಟವರ ಮನೆಗೆ ಹೋಗಿ ಕೇಳಿ. ಅಕ್ಕಪಕ್ಕದವರು ಹೊರಗೆ ಕೂತಿರುವ ಹೊತ್ತು ನೋಡಿಯೇ ಹೋಗಿ. ದೊಡ್ಡವರು ಎಂದು ದನಿ ತಗ್ಗಿಸಬೇಡಿ.