ಚಾಲೂ ಗಾಡಿಯ ಟರ್ಮಿನಲ್

೧೯೯೨ರಲ್ಲಿ ಕುರುಗೋಡಿನ ಶಾಲೆಯ ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಬಳ್ಳಾರಿಯ ಬ್ಯಾಟರಿ ಅಂಗಡಿಯೊಂದಕ್ಕೆ ಸೇರಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆ ಹಟಕ್ಕೇ ಕೆಲಸ ಕಲಿತೆ.

ಅಂಗಡಿಯ ಉಸ್ತಾದರು ಕಲಿಸಿದ ಮೊದಲ ಪರೀಕ್ಷೆ ಸುಲಭದ್ದು. ಗಾಡಿ ಚಾಲೂ ಮಾಡಿ ಬ್ಯಾಟರಿಯ ಒಂದು ಟರ್ಮಿನಲ್, ಅಂದರೆ ತಂತಿಯ ತುದಿ, ಕಿತ್ತು ಹಿಡಿಯಬೇಕು. ಎಂಜಿನ್ ಓಡುತ್ತಲೇ ಇದ್ದರೆ ಬ್ಯಾಟರಿ ತುಂಬುವ ಡೈನಮೊ ಸರಿ ಇದೆ, ನಿಂತರೆ ಡೈನಮೊ ಬಿಚ್ಚು. ಹಳೆಯ ಜೀಪು, ಲಾರಿಗಳಿಗೆ ಅದು ನಡೆಯುತ್ತಿತ್ತು. ಸುತ್ತ ನಿಂತವರು ಬಾಯಿ ತೆರೆದು ನೋಡುತ್ತಿದ್ದರು, ನನಗೂ ಅದು ಬೇಕಿತ್ತು. ಕಂಪ್ಯೂಟರ್ ಇರುವ ಗಾಡಿಗಳು ಬಂದ ಮೇಲೆ ನಿಲ್ಲಿಸಿದೆ. ಬ್ಯಾಟರಿ ತಪ್ಪಿದ ಕೂಡಲೇ ಡೈನಮೊದ ಕರೆಂಟು ಏರಿ ಕಂಪ್ಯೂಟರನ್ನೇ ಸುಡಬಹುದು. ಇದನ್ನು ಯಾವ ಮೇಷ್ಟ್ರೂ ನನಗೆ ಹೇಳಿಕೊಡಲಿಲ್ಲ. ವೋಲ್ಟ್ ಅಳೆಯುವ ಮೀಟರ್ ಕೊಂಡೆ, ಕೇಳಿ ನೋಡಿ ಕಲಿತೆ.

ಸಿರುಗುಪ್ಪದ ಅಕ್ಕಿ ಗಿರಣಿಯ ಸಾವುಕಾರರೊಬ್ಬರ ಗಾಡಿಗಳನ್ನೆಲ್ಲ ಹದಿನೆಂಟು ವರ್ಷ ನಾನೇ ನೋಡುತ್ತಿದ್ದೆ. ನಾಲ್ಕು ಜನರ ಮುಂದೆ ಅವರು ನನ್ನನ್ನು "ನಮ್ಮ ಮಿಸ್ತ್ರಿ" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಬಸ್ಸು ಹತ್ತಿ ಹೋಗುತ್ತಿದ್ದೆ.

ಎರಡು ವರ್ಷದ ಹಿಂದೆ ಅವರ ಹೊಸ ಕಾರು ತೊಂದರೆ ಕೊಡತೊಡಗಿತು. ಎರಡು ದಿನಕ್ಕೊಮ್ಮೆ ಸೆಲ್ಫ್ ಹೊಡೆಯುವುದಿಲ್ಲ, ಎರಡು ಬ್ಯಾಟರಿ ಬದಲಿಸಿಯೂ ಆಗಿತ್ತು. ನಾನು ಹೋದಾಗ ಗಿರಣಿಯ ಅಂಗಳದಲ್ಲಿ ಅವರ ಹೊಸ ಅಳಿಯ ನಿಂತಿದ್ದ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ನಾನು ಗಾಡಿ ಚಾಲೂ ಮಾಡಿಸಿ, ಡೈನಮೊಕ್ಕೊಮ್ಮೆ ಬ್ಯಾಟರಿಗೊಮ್ಮೆ ಮೀಟರ್ ಹಚ್ಚಿ ನೋಡಿದೆ.

"ಏನಪಾ ಮಿಸ್ತ್ರಿ, ಆ ಡಬ್ಬಿ ಹಿಡ್ಕಂಡು ಎಷ್ಟೊತ್ತು ಜಪ ಮಾಡ್ತಿ?" ಅಂದರು ಸಾವುಕಾರರು.

"ಡೈನಮೊದಾಗ ಹದಿನಾಲ್ಕು ವೋಲ್ಟ್ ಹುಟ್ಟಾಕತ್ತೈತ್ರಿ. ಬ್ಯಾಟರಿಗೆ ಹನ್ನೆರಡೂವರಿನೂ ಮುಟ್ಟವಲ್ದು. ಕಾಲುವಿಗೆ ನೀರು ಬಿಟ್ಟಾರ, ಕಡೀ ಗದ್ದಿಗೆ ಬರವಲ್ದು. ನಡುವ ಎಲ್ಲೋ ತಡದೈತಿ. ಇನ್ನೆರಡು ಕಡೆ ನೋಡ್ತೀನ್ರಿ."

ಅಳಿಯ ನಕ್ಕ. "ಎಷ್ಟನೇದು ಓದೀರಿ?"

"ಏಳನೇದು."

"ಹಂಗಾರ ಸರಿ. ಕಾಲುವಿ ಪಾಠ ಏಳನೇದ್ರಾಗ ಬರ್ತೈತಿ."

ಸಾವುಕಾರರ ಮುಖ ಸಣ್ಣದಾಯಿತು. "ನಮ್ಮ ಮಿಸ್ತ್ರಿಗೆ ಮೀಟರ್ ಗೀಟರ್ ಬೇಕಿಲ್ರಿ ಅಳಿಯಂದ್ರ. ಲೇ, ಮೊದ್ಲು ಟರ್ಮಿನಲ್ ಕೀಳ್ತಿದ್ದ್ಯಲ್ಲ, ಅದನ್ನ ತೋರ್ಸಲೇ."

"ಈ ಗಾಡಿಗೆ ಅದು ಬ್ಯಾಡ್ರಿ. ಕಂಪ್ಯೂಟರ್ ಸುಡ್ತೈತಿ."

"ಅಂಜಿಕಿ ಬಂತೇನು? ವಯಸ್ಸಾತು ಬಿಡು."

ಅಳಿಯ ಆಗಲೇ ಶೋರೂಮಿಗೆ ಫೋನ್ ಹಚ್ಚಲು ಕಿಸೆಗೆ ಕೈ ಹಾಕಿದ್ದ. ನಾನು ಮೀಟರನ್ನು ನೆಲಕ್ಕಿಟ್ಟೆ. ಹತ್ತನೇ ನಂಬರಿನ ಪಾನಾ ತಗೊಂಡು ಟರ್ಮಿನಲ್ ಸಡಿಲಿಸಿ ಎತ್ತಿದೆ. ಗೊತ್ತಿದ್ದೂ ಎತ್ತಿದೆ.

ಒಂದು ಗಳಿಗೆ ಎಂಜಿನ್ ಓಡಿತು. ಅಳಿಯ ನೋಡುತ್ತಿದ್ದ. ನನಗೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಸ್ಟೇರಿಂಗಿನ ಮುಂದಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು, ಎಂಜಿನ್ ನಿಂತಿತು. ಟರ್ಮಿನಲ್ ತಿರುಗಿ ಹಾಕಿದೆ. ಗಾಡಿ ಏಳಲಿಲ್ಲ, ಕಂಪ್ಯೂಟರ್ ಸುಟ್ಟಿತ್ತು.

"ನಾ ಕೀಳು ಅಂದ್ನೇನಲೇ? ಚ್ಯಾಷ್ಟಿಗೆ ಅಂದಿದ್ನಪಾ!" ಅಂದರು ಸಾವುಕಾರರು.

ನಾನು ಗಾಡಿಯ ಕೆಳಗೆ ನುಗ್ಗಿದೆ. ತಡೆದದ್ದು ಅಲ್ಲೇ ಸಿಕ್ಕಿತು. ಕಾರಿಗೆ ಪೆಟ್ಟು ಬಿದ್ದಾಗ ಕುರುಗೋಡಿನಲ್ಲಿ ಪೇಂಟ್ ಮಾಡಿಸಿದ್ದರು. ಬ್ಯಾಟರಿಯ ಅರ್ಥಿಂಗ್ ತಂತಿ ಗಾಡಿಯ ತಗಡಿಗೆ ಕೂಡುವ ಜಾಗಕ್ಕೂ ಪೇಂಟ್ ಬಳಿದು, ಅದರ ಮೇಲೆಯೇ ಬೋಲ್ಟ್ ಹಾಕಿದ್ದರು. ಪೇಂಟು ಕರೆಂಟನ್ನು ಹಾಯಗೊಡುವುದಿಲ್ಲ. ಬೋಲ್ಟ್ ಬಿಚ್ಚಿ, ಪೇಂಟ್ ಕೆರೆದು, ತಗಡು ಹೊಳೆಯುವಂತೆ ಮಾಡಿ ಬಿಗಿದೆ. ಎದ್ದು ಬಂದು ಹೇಳಿದರೆ ಕೇಳುವವರಿರಲಿಲ್ಲ. ಶೋರೂಮಿನವರ ಗಾಡಿ ಹೊರಟಿತ್ತಂತೆ. ಕಂಪ್ಯೂಟರಿನ ಖರ್ಚು ನಾನು ಕೊಡುತ್ತೇನೆ ಅಂದೆ.

"ನಿನ್ನ ರೊಕ್ಕ ತಗಂಡು ಏನ್ಮಾಡ್ಲಿ? ನೀ ಹೋಗು" ಅಂದರು. ಮಿಸ್ತ್ರಿ ಅನ್ನಲಿಲ್ಲ.

ಆರು ತಿಂಗಳ ಮೇಲೆ ಗಿರಣಿಯ ಡ್ರೈವರ್ ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. "ಹೊಸ ಕಂಪ್ಯೂಟರ್ ಹಾಕಿದ್ಮ್ಯಾಲ ಒಮ್ಮೇನೂ ಬ್ಯಾಟರಿ ಇಳಿದಿಲ್ಲಣ್ಣ. ರೋಗ ಹಳೇ ಕಂಪ್ಯೂಟರ್ನಾಗ ಇತ್ತಂತ, ಅಳಿಯಂದ್ರು ಮೊದ್ಲೇ ಹೇಳಿದ್ರಂತ" ಅಂದ. ಬ್ಯಾಟರಿ ಇಳಿಯದಿರುವುದು ನಾನು ಕೆರೆದ ಅರ್ಥಿಂಗಿನಿಂದ ಅಂತ ಅವನಿಗೆ ಹೇಳಬಹುದಿತ್ತು. ಆದರೆ ಟರ್ಮಿನಲ್ ಕಿತ್ತವನೂ ನಾನೇ. ಚಹಾ ಕುಡಿಸಿ ಕಳಿಸಿದೆ.

ಈಗ ನನ್ನ ಬಳಿ ಇರುವುದು ಒಂದು ಅಂಗಡಿ, ಎರಡು ಮೀಟರ್, ಮೂರು ಚಾರ್ಜರ್, ಕಾಯಂ ಬರುವ ಇಪ್ಪತ್ತಾರು ಗಾಡಿ. ಸಿರುಗುಪ್ಪದ್ದು ಒಂದೂ ಇಲ್ಲ.