ಫ್ಯಾಕ್ಸ್ ಹಾಳೆಯ ಮೇಲಿನ ಗೀರು

ಮೊನ್ನೆ ಡ್ರಾಯರಿನ ತಳಕ್ಕೆ ಹಾಸಿದ್ದ ಹಳೆಯ ಕಾಗದಗಳನ್ನು ತೆಗೆಯುತ್ತಿದ್ದಾಗ ಒಂದು ಫ್ಯಾಕ್ಸ್ ಹಾಳೆ ಸಿಕ್ಕಿತು. ಫ್ಯಾಕ್ಸಿನ ಅಕ್ಷರಗಳ ಆಯುಸ್ಸು ಎಷ್ಟೆಂದು ನಿಮಗೂ ಗೊತ್ತಿದ್ದೀತು. ಜಪಾನಿನಿಂದ ಬಂದದ್ದೆಲ್ಲ ಮಾಸಿಹೋಗಿತ್ತು. ಅದರ ಮೇಲೆ ನಾನು ಪೆನ್ಸಿಲಿನಲ್ಲಿ ಬರೆದದ್ದು ಉಳಿದಿತ್ತು, ಮೂಲೆಯಲ್ಲೊಂದು ಸಾಂಬಾರಿನ ಕಲೆಯೂ.

ತೊಂಬತ್ತರ ದಶಕದ ಕೊನೆಯ ಮಾತು. ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿದ್ದ ಗೆಳೆಯ ಪ್ರಹ್ಲಾದ ಧಾರವಾಡದವನು. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ರಜೆಯ ದಿನಗಳಲ್ಲಿ ಜಪಾನಿನ ಹರಾಜುಗಳಿಂದ ಹಳೆಯ ಕಾರು ತರಿಸಿ ಮಾರುವುದು. ಅಲ್ಲಿಯೂ ಸ್ಟಿಯರಿಂಗ್ ಬಲಕ್ಕೇ. ಹಿಂದೊಂದು ಮಂಜಿನ ದೀಪ ಹಾಕಿಸಿ, ಕಿಲೋಮೀಟರನ್ನು ಮೈಲಿಗೆ ಬದಲಿಸಿದರೆ ಕಾರು ಹೆಚ್ಚುಕಡಿಮೆ ಇಲ್ಲಿಯದೇ. ರೇಡಿಯೋ ಮಾತ್ರ ಹಟಮಾರಿ. ಇಲ್ಲಿನ ಎಫ್‌ಎಂ ಅಂಕಿಗಳು ಶುರುವಾಗುವಷ್ಟರಲ್ಲಿ ಅದರ ಎಫ್‌ಎಂ ಪಟ್ಟಿ ತೊಂಬತ್ತಕ್ಕೇ ಮುಗಿದುಹೋಗುತ್ತಿತ್ತು. ಹಾಗಾಗಿ ಪ್ರಹ್ಲಾದನ ಗಿರಾಕಿಗಳು, ಅಂದರೆ ಸಟನ್‌ನ ನಮ್ಮ ಡಾಕ್ಟರುಗಳ ಕುಟುಂಬಗಳು, ವರ್ಷಗಟ್ಟಲೆ ಒಂದೇ ಸ್ಟೇಷನ್ ಕೇಳಿದವು.

ಪ್ರತಿ ಕಾರಿನ ಜೊತೆ ಹರಾಜಿನವರ ತಪಾಸಣೆಯ ಹಾಳೆ ಬರುತ್ತಿತ್ತು. ಕಪ್ಪೆಯನ್ನು ಅಗಲಿಸಿ ಇಟ್ಟಂಥ ಕಾರಿನ ಚಿತ್ರ. ಪೆಟ್ಟಾದಲ್ಲೆಲ್ಲ ಒಂದೊಂದು ಗುರುತು. ‘ಎ’ ಅಂದರೆ ಗೀರು, ‘ಯು’ ಅಂದರೆ ತಗ್ಗು, ಎರಡು ‘ಎಕ್ಸ್’ ಇದ್ದರೆ ಆ ಭಾಗವನ್ನೇ ಕಿತ್ತು ಬದಲಿಸಿದ್ದಾರೆ ಎಂದು. ಈ ಗುರುತುಗಳ ಅರ್ಥ ಬರೆಯುವುದು ನನ್ನ ಪಾಲಿನ ಕೆಲಸ. ಕನ್ನಡದಲ್ಲೇ ಬರೆಯುತ್ತಿದ್ದೆ. ಅದೊಂದು ಜಂಬ.

ವಸುಧಾ ಮೈಸೂರಿನವರು, ಸಟನ್‌ನ ಆಸ್ಪತ್ರೆಯಲ್ಲಿ ಸರ್ಜನ್. ಏಳು ಸೀಟಿನ ಗಾಡಿಯೊಂದನ್ನು ನೋಡಿ ಮೆಚ್ಚಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಆಕ್ಸಿಡೆಂಟ್ ಆಗಿರೋ ಗಾಡಿ ಅಲ್ಲ ತಾನೆ? ಹಿಂದ್ಗಡೆ ಮಕ್ಳು ಕೂರೋದು. ಪ್ರಹ್ಲಾದ್ ಮಾರೋರು, ಅವರನ್ನ ಕೇಳಲ್ಲ. ನೀವು ಹೇಳಿ.”

ಹಾಳೆಯಲ್ಲಿ ಗಾಡಿಯ ಹಿಂಭಾಗಕ್ಕೆ ಎರಡು ಎಕ್ಸ್ ಇತ್ತು.

ಇಷ್ಟು ವರ್ಷ ಈ ಕಥೆಯನ್ನು ನಾನು ಹೀಗೆ ಹೇಳಿಕೊಂಡು ಬಂದಿದ್ದೇನೆ: ಟೂಟಿಂಗ್‌ನ ಹೋಟೆಲಿನಲ್ಲಿ ದೋಸೆ ಮುರಿಯುತ್ತ ಪ್ರಹ್ಲಾದ ಗೊಣಗಿದ, “ಗಾಡಿ ಗಟ್ಟಿ ಅದ ಮಾರಾಯಾ. ಹಿಂದಿಂದು ಬದ್ಲಿ ಮಾಡ್ಯಾರ, ಮುಂದ ಕೂತು ನಡಸಾಕಿ ಅಕಿ. ನೀ ಯಾಕ ಹೆದರಸ್ತಿ?” ನಾನು ಜಗ್ಗಲಿಲ್ಲ. ವಸುಧಾ ಅವರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಯೋಚಿಸಿ, ಆದರೂ ಕೊಂಡರು. ಕೆಲವೊಮ್ಮೆ ಹೋಟೆಲಿನ ಬದಲು ಪ್ರಹ್ಲಾದನ ಅಡುಗೆಮನೆ ಬರುತ್ತಿತ್ತು. ನನ್ನ ಪ್ರಾಮಾಣಿಕತೆ ಮಾತ್ರ ಕದಲುತ್ತಿರಲಿಲ್ಲ. ಅಷ್ಟು ನಯವಾಗಿ ಕುಳಿತ ಕಥೆಯನ್ನು ನಾನೇ ಅನುಮಾನಿಸಬೇಕಿತ್ತು.

ಮೊನ್ನೆ ಸಿಕ್ಕಿದ್ದು ಆ ಗಾಡಿಯ ಹಾಳೆ; ಮೇಲೆ ಪೆನ್ಸಿಲಿನಲ್ಲಿ ವಸುಧಾ ಅವರ ಹೆಸರಿದೆ. ಹಿಂಭಾಗದ ಚಿತ್ರವಿದ್ದ ಜಾಗದ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಗೀರು’ ಎಂದಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಅದರ ಅಡಿಯಲ್ಲಿ, ರಬ್ಬರಿನಿಂದ ಉಜ್ಜಿದ್ದರೂ ಪೆನ್ಸಿಲಿನ ಒತ್ತಿನಿಂದ ಉಳಿದ ಪದ: ‘ಬದಲಿಸಿದ್ದಾರೆ’. ಈ ಹಾಳೆಯದೇ ಜೆರಾಕ್ಸನ್ನು ವಸುಧಾ ಅವರ ಕೈಗೆ ಕೊಟ್ಟಿದ್ದೆ.

ಎರಡು ದಿನ ಸುಮ್ಮನಿದ್ದು ಫೋನ್ ಮಾಡಿದೆ. ಅವರೀಗ ನಿವೃತ್ತರು, ಸಟನ್‌ನಲ್ಲೇ ಇದ್ದಾರೆ.

“ಆ ಗಾಡಿನಾ? ಈಗ್ಯಾಕ್ರೀ ಅದರ ಸುದ್ದಿ?”

ಹೇಳಿದೆ. ನಕ್ಕರು.

“ಮೊದಲ್ನೇ ವಾರಾನೇ ಗೊತ್ತಾಯ್ತು. ಡಿಕ್ಕೀಲಿ ಕಾರ್ಪೆಟ್ ಎತ್ತಿದೆ, ವೆಲ್ಡಿಂಗ್ ಕಾಣಿಸ್ತು. ದಿನಾ ಹೊಲಿಗೆ ಹಾಕೋಳಿಗೆ ಹೊಲಿಗೆ ಗೊತ್ತಾಗಲ್ವೇನ್ರೀ? ಗ್ಯಾರೇಜಲ್ಲಿ ಪೂರ್ತಿ ಬಿಚ್ಚಿ ನೋಡಿಸ್ದೆ. ಗಟ್ಟಿಯಾಗಿದೆ ಅಂದ್ರು, ಇಟ್ಕೊಂಡೆ.”

“ನನ್ನನ್ನ ಒಂದು ಮಾತು ಕೇಳ್ಲಿಲ್ಲ ನೀವು.”

“ಕೇಳಿದ್ನಲ್ಲ, ತಗೊಳೋ ಮುಂಚೆ.”

ಅವರೇ ಮುಂದುವರಿಸಿದರು: “ನೀವೇ ಯಾವತ್ತಾದ್ರೂ ಹೇಳ್ತೀರೇನೋ ಅಂತಿದ್ದೆ. ಎಷ್ಟು ಸಲ ಅದೇ ಗಾಡೀಲಿ ನಿಮ್ಮನ್ನ ಮನೆಗೆ ಬಿಟ್ಟಿಲ್ಲ ಹೇಳಿ. ಕೊನೆಗೆ ಗಾಡಿನೇ ಸ್ಕ್ರ್ಯಾಪ್‌ಗೆ ಹೋಯ್ತು.”

ಬಿಟ್ಟಿದ್ದರು, ನಿಜ. ನಾನು ಮುಂದೆ, ಮಕ್ಕಳು ಹಿಂದೆ, ರೇಡಿಯೋದಲ್ಲಿ ಅದೇ ಒಂದು ಸ್ಟೇಷನ್. ಮಕ್ಕಳಿಗೆ ಕನ್ನಡದಲ್ಲಿ ಏನೋ ಕೇಳುತ್ತಿದ್ದೆ, ಅವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು. ಒಮ್ಮೆಯಾದರೂ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ್ದೆನೇ? ನೋಡಿದ ಹಾಗೆ ನೆನಪು. ಆ ನೆನಪಿಗೆ ಈಗ ನಾನು ಜಾಮೀನು ನಿಲ್ಲಲಾರೆ.

ಫೋನಿಟ್ಟ ಕೂಡಲೇ ಅವರ ಮಾತುಗಳನ್ನು ಅದೇ ಹಾಳೆಯ ಹಿಂಬದಿಗೆ ಪೆನ್ನಿನಲ್ಲಿ ಬರೆದುಕೊಂಡೆ. ಹಾಗೆ ಮಾಡಿದ್ದು ಒಳ್ಳೆಯದಾಯಿತು. ಈ ಪ್ರಬಂಧವನ್ನು ಮೊದಲು ಬರೆದಾಗ “ಕೇಳಿದ್ನಲ್ಲ, ತಗೊಳೋ ಮುಂಚೆ” ಎಂಬ ಮಾತು ಇದರಲ್ಲಿ ಇರಲೇ ಇಲ್ಲ. ಇವತ್ತು ಹಾಳೆ ತಿರುಗಿಸಿ ನೋಡಿ ಸೇರಿಸಿದ್ದೇನೆ.