ನೊರೆ ಬಾರದ ಕಲ್ಲಿಗೆ ಇಲ್ಲಿ ದಾರಿಯಿಲ್ಲ

ಸೂರ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಪುಡಿ ಗಿರಣಿಯ ಗೇಟಿನೊಳಗೆ ಮೊದಲ ಲಾರಿ ಸುರಿದ ಬಿಳಿ ಕಲ್ಲಿನ ರಾಶಿಯ ಪಕ್ಕ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎಡಗೈಯಲ್ಲಿ ಒದ್ದೆ ಗೋಣಿತುಂಡು, ಬಲಗೈಯಲ್ಲಿ ಆಸಿಡ್ಡಿನ ಪುಟ್ಟ ಬಾಟಲಿ. ಒಂದು ಕಲ್ಲೆತ್ತಿ ಬಕೆಟ್ಟಿನ ನೀರಲ್ಲಿ ಅದ್ದಿ, ಗೋಣಿಯಿಂದ ಗಸಗಸ ತಿಕ್ಕಿ, ಒಂದು ಹನಿ ಬಿಡುತ್ತಾರೆ. ಕಲ್ಲು ಚುರ್ ಎಂದು ನೊರೆಯುಗುಳಿದರೆ ಒಳಗೆ. ಸುಮ್ಮನಿದ್ದರೆ ಬೆನ್ನ ಹಿಂದಿನ ತೊಟ್ಟಿಗೆ ಎಸೆಯುತ್ತಾರೆ, ತಿರುಗಿಯೂ ನೋಡುವುದಿಲ್ಲ.

ಲಾರಿ ಡ್ರೈವರ್‌ಗೆ ಅವಸರ. "ಬೇಗ ಬಿಡಕ್ಕಾ, ಎಲ್ಲಾ ಬೆಳ್ಳಗೇ ಇದೆಯಲ್ಲ," ಅನ್ನುತ್ತಾನೆ.

"ಬೆಳ್ಳಗಿರೋದೆಲ್ಲಾ ಹಾಲಲ್ಲಪ್ಪಾ. ನೀನು ಹೋಗಿ ಟೀ ಕುಡಿ. ನಾನು ಹೇಳಿದಾಗ ಬಾ."

ಗಿರಣಿಯಲ್ಲಿ ಎಲ್ಲರಿಗೂ ಇವರು ಹನಿಯಕ್ಕ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ದಿನಕ್ಕೆ ಹನ್ನೊಂದು ಲಾರಿ ಸುಣ್ಣದಕಲ್ಲು ಬರುತ್ತದೆ. ಲಾರಿಗೆ ಅರವತ್ತು ಕಲ್ಲಿನಂತೆ ತೊಳೆದು ನೋಡಿ, ಆಮೇಲೆ ಬೆಲ್ಟಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಹರಿದು ಹೋಗುವ ಕಲ್ಲುಗಳಲ್ಲಿ ಅನುಮಾನ ಬಂದದ್ದನ್ನು ಆರಿಸುತ್ತಾರೆ. ತೋಳಿನ ಬಟ್ಟೆಯ ತುಂಬ ಆಸಿಡ್ಡು ಕೊರೆದ ತೂತುಗಳು. ಬೆರಳ ತುದಿಗಳು ಒಡೆದು ಒಡೆದು ಹಾಜರಿ ಯಂತ್ರಕ್ಕೆ ಗುರುತೇ ಸಿಗುವುದಿಲ್ಲ. ಇಡೀ ಗಿರಣಿಯಲ್ಲಿ ಇವರೊಬ್ಬರಿಗೆ ಮಾತ್ರ ಪುಸ್ತಕದಲ್ಲಿ ಸಹಿ.

ಹೀಗೆ ಆರಿಸಿ, ಅರೆದು, ಚೀಲಕ್ಕೆ ತುಂಬುವ ಪುಡಿಯ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ಹೆಸರು ಭಾರ, ಸ್ವಭಾವ ಸಾಧು. ನೀರಲ್ಲಿ ಹಾಕಿದರೆ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಹುಳಿ ತಾಕಿದರೆ ಮಾತ್ರ ಬುಸುಗುಟ್ಟಿ ಗಾಳಿ ಬಿಟ್ಟು, ಆ ಹುಳಿಯನ್ನೇ ತಣ್ಣಗಾಗಿಸುತ್ತದೆ. ಅದಕ್ಕೇ ಎದೆಯುರಿಯ ಮಾತ್ರೆಗೆ ಇದು ಬೇಕು. ಗೋಡೆಯ ಬಣ್ಣಕ್ಕೆ, ಕಾಗದಕ್ಕೆ, ಪ್ಲಾಸ್ಟಿಕ್ ಪೈಪಿಗೆ, ಕೋಳಿಯ ಆಹಾರಕ್ಕೆ ಎಲ್ಲದಕ್ಕೂ ಬೇಕು. ಹನಿಯಕ್ಕನ ಗಂಡ ನಲ್ಲಿ ಪೈಪು ಜೋಡಿಸುವವರು, ಮಗಳು ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವವಳು, ಅತ್ತೆಗೆ ಊಟವಾದ ಮೇಲೆ ಮಾತ್ರೆ ಬೇಕೇ ಬೇಕು.

"ಮನೇಲಿ ಎಲ್ಲರೂ ನನ್ನ ಕಲ್ಲಲ್ಲೇ ಬದುಕ್ತಿರೋದು," ಎಂದು ಹನಿಯಕ್ಕ ನಗುತ್ತಾರೆ. "ನಮ್ಮತ್ತೆ ಮಾತ್ರ ಬೀದಿಯೆಲ್ಲಾ ಹೇಳ್ಕೊಂಡು ಬರ್ತಾರೆ, ಸೊಸೆ ನನಗೆ ಕಲ್ಲು ಅರೆದು ತಿನ್ನಿಸ್ತಾಳೆ ಅಂತ. ಸುಳ್ಳೇನಲ್ಲ."

ಈ ಗಿರಣಿಯ ದೊಡ್ಡ ಗಿರಾಕಿ ಟೂತ್‌ಪೇಸ್ಟ್ ಕಂಪನಿ. ಸುಣ್ಣದಕಲ್ಲು ಹಲ್ಲಿಗಿಂತ ಮೆದು, ಕೊಳೆ ತಿಕ್ಕುತ್ತದೆ, ಹಲ್ಲನ್ನು ಗೀರುವುದಿಲ್ಲ. ಆದರೆ ಗಣಿಯಲ್ಲಿ ಅದರ ಪಕ್ಕದಲ್ಲೇ ಬೆಣಚುಕಲ್ಲು ಇರುತ್ತದೆ. ಅದೂ ಬಿಳಿ, ಆದರೆ ಗಾಜನ್ನೇ ಗೀರುವಷ್ಟು ಗಟ್ಟಿ. ಅದು ಪುಡಿಯಲ್ಲಿ ಸೇರಿದರೆ ಹಲ್ಲಿನ ಗತಿ ಕೇಳುವುದೇ ಬೇಡ. ಎರಡನ್ನೂ ಬೇರೆ ಮಾಡುವುದು ಆ ಒಂದು ಹನಿ.

ಆ ಹನಿಯೂ ಮೋಸ ಮಾಡುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹನಿಯಕ್ಕ ಕಲ್ಲು ತೊಳೆಯದೆ ಹನಿ ಹಾಕಿದ್ದರು. ಬೆಣಚುಕಲ್ಲಿನ ಮೈಗೆ ಸುಣ್ಣದ ದೂಳು ಮೆತ್ತಿತ್ತು, ದೂಳು ನೊರೆಯಿತು, ಕಲ್ಲು ಒಳಗೆ ಹೋಯಿತು. ಅರೆಯುವ ಉರುಳೆಗಳ ಮೈ ಗೀರಿಹೋಗಿ ಎರಡು ದಿನ ಗಿರಣಿ ನಿಂತಿತು. "ಯಾರೂ ಬೈಲಿಲ್ಲ. ಅದೇ ನನಗೆ ಹೆಚ್ಚು ನೋವಾಗಿದ್ದು. ಅವತ್ತಿಂದ ತೊಳೀದೆ ಒಂದು ಹನಿ ಹಾಕಿಲ್ಲ," ಅನ್ನುವಾಗ ಅವರ ಮುಖದಲ್ಲಿ ನಗುವಿಲ್ಲ.

ಆರು ತಿಂಗಳ ಹಿಂದೆ ಗಿರಣಿಗೆ ಕಣ್ಣಿರುವ ಯಂತ್ರ ಬಂತು. ಕಲ್ಲಿನ ಬಣ್ಣ ನೋಡಿ, ಕಪ್ಪು ಕಂಡರೆ ಗಾಳಿಯೂದಿ ಹಾರಿಸುತ್ತದೆ. ಕೆಲಸದಲ್ಲಿ ಚುರುಕು, ಅದನ್ನು ಹನಿಯಕ್ಕನೂ ಒಪ್ಪುತ್ತಾರೆ. ಆದರೆ ಬಿಳಿಗೂ ಬಿಳಿಗೂ ಇರುವ ವ್ಯತ್ಯಾಸ ಅದಕ್ಕೇನು ಗೊತ್ತು? ಕಳೆದ ತಿಂಗಳು ಯಂತ್ರ ಪಾಸು ಮಾಡಿದ ಕಲ್ಲು ಬೆಲ್ಟಿನ ಮೇಲೆ ಬರುತ್ತಿದ್ದಂತೆ ಹನಿಯಕ್ಕ ಪಕ್ಕದ ತುರ್ತು ಹಗ್ಗ ಎಳೆದು ಬೆಲ್ಟನ್ನೇ ನಿಲ್ಲಿಸಿಬಿಟ್ಟರು. ಟೂತ್‌ಪೇಸ್ಟಿಗೆ ಹೋಗಬೇಕಾದ ಸರಕು ಅದು. ಮ್ಯಾನೇಜರ್ ಸಾಹೇಬರು ಕೆಂಡವಾದರು. ಅದೇ ಬೆಲ್ಟಿನಿಂದ ಒಂದು ಕಲ್ಲು ತರಿಸಿ, ತಮ್ಮ ಕೋಣೆಯಲ್ಲಿ ಎಲ್ಲರೆದುರು ತಾವೇ ಹನಿ ಹಾಕಿದರು. ಕಲ್ಲು ಬುಸ್ಸೆಂದು ನೊರೆಯಿತು.

"ನೋಡಿದ್ರಾ ಅಮ್ಮಾ? ಇನ್ನೇನು ಬೇಕು ನಿಮಗೆ?"

ಹನಿಯಕ್ಕ ಆ ಕಲ್ಲನ್ನು ಕೈಗೆತ್ತಿಕೊಂಡರು. ಸಾಹೇಬರ ಕುಡಿಯುವ ನೀರಿನ ಜಗ್ಗಿಗೇ ಕಲ್ಲನ್ನು ಅದ್ದಿ, ತಿಕ್ಕಿ ತೊಳೆದು, ಮತ್ತೆ ಹನಿ ಹಾಕಿದರು. ಕಲ್ಲು ಕಮಕ್ ಕಿಮಕ್ ಅನ್ನಲಿಲ್ಲ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಆ ಕಲ್ಲಿನ ಮೂಲೆಯಿಂದ ಸಾಹೇಬರ ಮೇಜಿನ ಗಾಜಿನ ಮೇಲೆ ಗೇಣುದ್ದ ಒಂದು ಗೆರೆ ಎಳೆದರು.

"ಸುಣ್ಣದಕಲ್ಲಾಗಿದ್ರೆ ಗಾಜಿಗೆ ಏನೂ ಆಗ್ತಿರಲಿಲ್ಲ ಸಾರ್," ಎಂದು ಹೊರಟುಬಂದರು.

ಸರಕು ವಾಪಸ್ ಹೋಯಿತು, ಗೆರೆ ಉಳಿಯಿತು. ಮುಂದಿನ ವಾರ ಹನಿಯಕ್ಕನ ಕೈಗೆ ಒಂದು ಕಾಗದ ಬಂತು: ಸ್ವಂತ ಕೋರಿಕೆಯ ಮೇರೆಗೆ ಒಂದನೇ ತಾರೀಕಿನಿಂದ ಇವರನ್ನು ಚೀಲ ಹೊಲಿಯುವ ವಿಭಾಗಕ್ಕೆ ವರ್ಗಾಯಿಸಲಾಗಿದೆ, ಸ್ಟೂಲು ತೆಗೆಯಲಾಗುವುದು, ಇಲ್ಲಿ ಸಹಿ ಮಾಡುವುದು. ಸಂಬಳ ಅಷ್ಟೇ, ದೂಳು ಕಡಿಮೆ. ಒಪ್ಪಿಕೋ, ಯಾಕೆ ಹಟ ಎಂದು ಗಂಡನೂ ಹೇಳಿದರು.

"ನಾನ್ಯಾವಾಗ ಕೋರಿಕೆ ಮಾಡಿದೆ? ಚೀಲ ಹೊಲಿಯೋದು ಕೀಳು ಅಂತ ನಾನು ಹೇಳ್ತಿಲ್ಲ. ಆದರೆ ನಾನೆದ್ದ ಮೇಲೆ ಈ ಜಾಗದಲ್ಲಿ ಯಾರು ಕೂರ್ತಾರೆ ಅಂತ ಕೇಳಿದ್ರೆ ಉತ್ತರ ಇಲ್ಲ. ಯಾರದೋ ಮನೆ ಮಕ್ಕಳು ಬೆಳಿಗ್ಗೆದ್ದು ಬಾಯಿಗೆ ಹಾಕ್ಕೊಳ್ಳೋ ಪುಡಿ ಇದು," ಅನ್ನುತ್ತಾರೆ ಅವರು. ದನಿ ಏರುವುದಿಲ್ಲ, ಆದರೆ ಇಳಿಯುವುದೂ ಇಲ್ಲ.

ಸಹಿ ಹಾಕುವುದಿಲ್ಲ ಎಂದು ಅವರೇನೂ ಹೇಳಿಲ್ಲ. ಕಾಗದದ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಒಂದು ಸಾಲು ಸೇರಿಸಿ ಕಳಿಸಿದ್ದಾರೆ: "ಇನ್ನು ಮುಂದೆ ಕಲ್ಲನ್ನು ಯಾರೂ ತೊಳೆದು ನೋಡುವುದಿಲ್ಲ. ಇದು ನನಗೆ ಗೊತ್ತಿದೆ." ಆ ಮಾತು ಸಾಹೇಬರದಾಗಲಿ ಎಂದು ಅದರ ಕೆಳಗೆ ಮ್ಯಾನೇಜರ್ ಸಹಿಗೆ ಜಾಗ ಬಿಟ್ಟಿದ್ದಾರೆ; ಅವರ ಸಹಿ ಬಿದ್ದ ಮೇಲೆ ತಮ್ಮದು. ಸಾಹೇಬರು ಆ ಸಾಲಿಲ್ಲದ ಹೊಸ ಕಾಗದ ಕಳಿಸಿದರು. ಹನಿಯಕ್ಕ ಮತ್ತೆ ಅದೇ ಸಾಲು ಬರೆದರು. ಹೀಗೆ ಮೂರು ಸಲ ಆಗಿದೆ. ಒಂದನೇ ತಾರೀಕು ಕಳೆದು ಇವತ್ತಿಗೆ ಹತ್ತೊಂಬತ್ತು ದಿನ.

ಅಕಸ್ಮಾತ್ ಸಾಹೇಬರು ಸಹಿ ಹಾಕಿಬಿಟ್ಟರೆ? ಹನಿಯಕ್ಕ ಸ್ಟೂಲಿನ ಮೇಲಿಂದ ಕೈ ಚಾಚಿ ಬೆಲ್ಟಿನ ಒಂದು ಕಲ್ಲು ಎತ್ತಿಕೊಂಡು, ಅದರ ದೂಳು ಒರೆಸುತ್ತಲೇ ಹೇಳುತ್ತಾರೆ:

"ಹಾಕ್ಲಿ, ಅವತ್ತೇ ಎದ್ದು ಹೋಗ್ತೀನಿ. ಆದರೆ ಮೂರು ಸಲ ಪೆನ್ನು ಹಿಡಿದು ಕೆಳಗಿಟ್ಟಿದ್ದಾರಂತೆ. ಅವರಿಗೂ ಗೊತ್ತು."